ಮಲಗಿಸುವುದಲ್ಲ ಆರೈಕೆ, ಎಬ್ಬಿಸುವುದು

"ಅಜ್ಜಿ ಹೇಗಿದ್ದಾರೆ?" ಎಂದು ಯಾರ ಮನೆಯಲ್ಲಾದರೂ ವಿಚಾರಿಸಿ ನೋಡಿ. "ಚೆನ್ನಾಗಿದ್ದಾರೆ, ಏನೂ ತೊಂದರೆ ಇಲ್ಲ. ಎಲ್ಲಾ ಕೂತಲ್ಲಿಗೇ ಹೋಗುತ್ತೆ. ಒಂದು ಲೋಟ ನೀರಿಗೂ ನಾವು ಏಳಗೊಡೋದಿಲ್ಲ" ಎಂಬ ಉತ್ತರ ಹೆಮ್ಮೆಯಿಂದಲೇ ಬರುತ್ತದೆ. ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಅವರು ಕೈಕಾಲು ಆಡಿಸದಂತೆ ನೋಡಿಕೊಳ್ಳುವುದು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಹಾಸಿಗೆಯ ಪಕ್ಕದಲ್ಲೇ ಊಟ, ಹಾಸಿಗೆಯ ಮೇಲೇ ಮೈ ಒರೆಸುವುದು, ರಾತ್ರಿಗೆ ಡಯಾಪರು. ಇದಕ್ಕೆಂದೇ ಒಬ್ಬ ಹೋಮ್ ನರ್ಸ್ ಬಂದುಬಿಟ್ಟರಂತೂ ಮಗ, ಮಗಳು, ಸೊಸೆ ಎಲ್ಲರಿಗೂ ನೆಮ್ಮದಿ.

ಈ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಇದರ ಫಲ ಏನು? ಮೂರು ತಿಂಗಳ ಹಿಂದೆ ಗೋಡೆ ಹಿಡಿದುಕೊಂಡಾದರೂ ಬಚ್ಚಲಿಗೆ ತಾವೇ ಹೋಗಿ ಬರುತ್ತಿದ್ದ ಅಜ್ಜಿ ಈಗ ಇಬ್ಬರು ಹಿಡಿದರೂ ಎದ್ದು ನಿಲ್ಲಲಾರರು. "ವಯಸ್ಸಾಯಿತಲ್ಲ, ಏನು ಮಾಡೋದು" ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ವಯಸ್ಸು ಆದದ್ದು ಮೂರೇ ತಿಂಗಳು! ಉಳಿದದ್ದನ್ನು ಮಾಡಿದ್ದು ಹಾಸಿಗೆ.

ಮುಪ್ಪಿನಲ್ಲಿ ಆರೋಗ್ಯ ಎಂದರೇನು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಉತ್ತರ ಇಲ್ಲಿ ನೆನಪಿಡಬೇಕಾದದ್ದು. ರೋಗವೇ ಇಲ್ಲದಿರುವುದು ಆರೋಗ್ಯಕರ ಮುಪ್ಪಿನ ಲಕ್ಷಣ ಎಂದು ಅದು ಹೇಳಲಿಲ್ಲ. ಎಪ್ಪತ್ತು ದಾಟಿದವರಲ್ಲಿ ಬಿ.ಪಿ., ಸಕ್ಕರೆ, ಮಂಡಿನೋವು ಯಾವುದೂ ಇಲ್ಲದವರನ್ನು ಹುಡುಕುವುದು ಸಾಸಿವೆಗಾಗಿ ಮನೆಮನೆ ಅಲೆದಂತೆಯೇ. ತನಗೆ ಬೇಕಾದ, ತಾನು ಬೆಲೆ ಕೊಡುವ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಉಳಿದಿರುವುದೇ ಆರೋಗ್ಯಕರ ಮುಪ್ಪು ಎಂದಿತು ಸಂಸ್ಥೆ. ಹಾಗಾದರೆ ಶುಶ್ರೂಷೆಯ ಗುರಿಯೂ ಅದೇ ಆಗಬೇಕಲ್ಲವೇ? ಹಿರಿಯರ ಕೆಲಸವನ್ನೆಲ್ಲ ನಾವೇ ಮಾಡಿಬಿಡುವುದಲ್ಲ. ಅವರಿಂದ ಆಗುವುದನ್ನು ಅವರಿಂದಲೇ ಮಾಡಿಸುವುದು.

ನಮ್ಮಲ್ಲಿ ಈ ಪ್ರಶ್ನೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಒಟ್ಟು ಜನಸಂಖ್ಯೆಯ ಶೇ. 8.6. ಕರ್ನಾಟಕದಲ್ಲಿ ಈ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚು, ಶೇ. 9.5. ಅದಾದ ಮೇಲೆ ಈ ಸಂಖ್ಯೆ ಏರುತ್ತಲೇ ಇದೆ. ಮನೆಗಳು ಮಾತ್ರ ಚಿಕ್ಕದಾಗುತ್ತಿವೆ.

ಹಾಸಿಗೆ ಎಂಬ ಕಳ್ಳ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಹಣಕ್ಕೆ ಮಾತ್ರವಲ್ಲ, ಕಾಲಿನ ಬಲಕ್ಕೂ ಸಲ್ಲುತ್ತದೆ. ಅಮೆರಿಕದಲ್ಲಿ ಅರವತ್ತು ದಾಟಿದ, ಆದರೆ ಯಾವ ಕಾಯಿಲೆಯೂ ಇಲ್ಲದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು, ಹತ್ತೇ ದಿನಗಳಲ್ಲಿ ಅವರ ಕಾಲುಗಳ ಮಾಂಸ ಸರಿಸುಮಾರು ಒಂದು ಕಿಲೋದಷ್ಟು ಕರಗಿಹೋಗಿತ್ತು. ಕಾಯಿಲೆಯಿಲ್ಲದವರ ಗತಿಯೇ ಹೀಗಾದರೆ, ಜ್ವರವೋ ನ್ಯುಮೋನಿಯಾವೋ ಬಂದು ಮಲಗಿದ, ಮೊದಲೇ ಸೊರಗಿದ ಎಂಬತ್ತರ ಹಿರಿಯರ ಪಾಡೇನು?

ಹರೆಯದವರು ಕಳೆದುಕೊಂಡ ಬಲವನ್ನು ಓಡಾಡಿ ಬೇಗ ಗಳಿಸಿಕೊಳ್ಳುತ್ತಾರೆ. ಹಿರಿಯರ ಕುಡಿಕೆಯಲ್ಲಿ ಇದ್ದದ್ದೇ ಕಡಿಮೆ. ಕುರ್ಚಿಯಿಂದ ಏಳಲು ಎಷ್ಟು ಬಲ ಬೇಕೋ ಅಷ್ಟು ಮಾತ್ರ ಇದ್ದವರು ಅದರಲ್ಲಿ ಒಂದು ಪಾಲು ಕಳೆದುಕೊಂಡರೆ ಏಳುವುದೇ ನಿಂತುಹೋಗುತ್ತದೆ. ಏಳಲಾಗದ್ದರಿಂದ ಮತ್ತೆ ಮಲಗುತ್ತಾರೆ. ಮಲಗಿದ್ದರಿಂದ ಇನ್ನಷ್ಟು ಬಲ ಹೋಗುತ್ತದೆ.

ಹೋಗುವುದು ಕಾಲಿನ ಬಲವೊಂದೇ ಅಲ್ಲ. ಮಲಗಿಯೇ ಇದ್ದ ದೇಹಕ್ಕೆ ನಿಂತಾಗ ರಕ್ತದೊತ್ತಡವನ್ನು ಹಿಡಿದಿಡುವ ಅಭ್ಯಾಸ ತಪ್ಪುತ್ತದೆ; ಎದ್ದೊಡನೆ ಕಣ್ಣು ಕತ್ತಲೆ ಬರುತ್ತದೆ. ಶ್ವಾಸಕೋಶದ ಬುಡದಲ್ಲಿ ಕಫ ನಿಲ್ಲುತ್ತದೆ. ಮಲ ಕಟ್ಟುತ್ತದೆ. ಮೀನಖಂಡದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೂಳೆಯ ಸುಣ್ಣದಂಶ ಕರಗುತ್ತದೆ. ಸೊಂಟ, ಹಿಮ್ಮಡಿಗಳ ಚರ್ಮ ಒತ್ತಿ ಹುಣ್ಣಾಗುತ್ತದೆ. ಇವೆಲ್ಲ ಹೊಸ ಸಂಗತಿಗಳಲ್ಲ. ರಿಚರ್ಡ್ ಆಶರ್ ಎಂಬ ಇಂಗ್ಲೆಂಡಿನ ವೈದ್ಯರು 1947ರಲ್ಲೇ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಪಟ್ಟಿ ಮಾಡಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಆದರೂ "ಪೂರ್ತಿ ರೆಸ್ಟ್ ತಗೊಳ್ಳಿ" ಎಂಬ ಮಾತು ನಮ್ಮ ನಾಲಗೆಯಿಂದ ಇಳಿದಿಲ್ಲ.

ಹಾಗೆಂದು ಎಲ್ಲರನ್ನೂ ಎಲ್ಲ ಹೊತ್ತಿನಲ್ಲೂ ಎಬ್ಬಿಸಿ ನಡೆಸಬೇಕು ಎಂದಲ್ಲ. ಮೂಳೆ ಮುರಿದಾಗ, ಎದೆನೋವು ಬಂದಾಗ, ಪಾರ್ಶ್ವವಾಯು ಬಡಿದ ಮೊದಲ ಗಳಿಗೆಗಳಲ್ಲಿ ಎಷ್ಟು ಅಲುಗಾಡಬಹುದು ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ನಾವು ಕೇಳುವ ಪ್ರಶ್ನೆ ಬದಲಾಗಬೇಕು. "ಡಾಕ್ಟರೇ, ಎಷ್ಟು ದಿನ ಮಲಗಿರಬೇಕು?" ಎಂದು ಕೇಳುವ ಬದಲು "ಯಾವಾಗಿನಿಂದ ಎಬ್ಬಿಸಿ ಕೂರಿಸಬಹುದು, ಯಾವಾಗ ನಡೆಸಬಹುದು?" ಎಂದು ಕೇಳಿ.

ಹಾಸಿಗೆಗಳ ನಡುವಿನಿಂದ ಬಂದ ಪಾಠ

ಹಿರಿಯರನ್ನು ಎಬ್ಬಿಸುವುದೇ ಚಿಕಿತ್ಸೆ ಎಂಬುದನ್ನು ಮೊದಲು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ವೈದ್ಯೆ ಮಾರ್ಜೊರಿ ವಾರೆನ್ ಹೆಸರು ದೊಡ್ಡದು. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ತನ್ನ ಪಕ್ಕದ ಬಡವರ ಆಶ್ರಯಧಾಮದ ರೋಗಿಗಳನ್ನು ವಹಿಸಿಕೊಂಡಿತು. ಏಳುನೂರಕ್ಕೂ ಹೆಚ್ಚು ಮಂದಿ. ಹೆಚ್ಚಿನವರು ವಯಸ್ಸಾದವರು, ವರ್ಷಗಟ್ಟಲೆ ಹಾಸಿಗೆ ಬಿಟ್ಟು ಇಳಿಯದೆ, ಸಾವನ್ನು ಕಾಯುತ್ತಾ ಮಲಗಿದ್ದವರು. ವಾರೆನ್ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಯಾರಿಗೆ ಏನು ಕಾಯಿಲೆ, ಯಾರಿಗೆ ಕಾಯಿಲೆಗಿಂತ ಹಾಸಿಗೆಯೇ ಕಾಯಿಲೆಯಾಗಿದೆ ಎಂದು ವಿಂಗಡಿಸಿದರು. ವಾರ್ಡಿಗೆ ಬಣ್ಣ ಹೊಡೆಸಿದರು, ಬೆಳಕು ಬರುವಂತೆ ಮಾಡಿದರು, ದಾದಿಯರ ನೆರವಿನಿಂದ ರೋಗಿಗಳನ್ನು ಎಬ್ಬಿಸಿ ನಡೆಸಿದರು. ಇನ್ನು ಏಳುವುದಿಲ್ಲ ಎಂದು ಕೈಬಿಟ್ಟಿದ್ದ ಎಷ್ಟೋ ಮಂದಿ ನಡೆದುಕೊಂಡು ಮನೆಗೆ ಹೋದರು. ವೃದ್ಧರ ವೈದ್ಯಶಾಸ್ತ್ರ ಎಂಬ ಪ್ರತ್ಯೇಕ ಶಾಖೆ ಬೆಳೆದದ್ದು ಇಂಥ ಕೆಲಸದಿಂದ.

ದಾದಿಯರ ಕಡೆಯಿಂದ ಇಂಥದೇ ಕೆಲಸ ಮಾಡಿದವರು ಡೋರೀನ್ ನಾರ್ಟನ್. ಹಾಸಿಗೆ ಹುಣ್ಣಿಗೆ ಯಾವ ಮುಲಾಮು ಒಳ್ಳೆಯದು, ಯಾವ ಸ್ಪಿರಿಟ್ ತಿಕ್ಕಬೇಕು ಎಂದು ಎಲ್ಲರೂ ಚರ್ಚಿಸುತ್ತಿದ್ದ ಕಾಲದಲ್ಲಿ, ಆಸ್ಪತ್ರೆಯ ವಯಸ್ಸಾದ ರೋಗಿಗಳನ್ನು ಅವರು ಮತ್ತು ಸಂಗಡಿಗರು ಲೆಕ್ಕವಿಟ್ಟು ಗಮನಿಸಿದರು. 1962ರಲ್ಲಿ ಪ್ರಕಟವಾದ ಆ ವರದಿಯ ತಿರುಳು ಸರಳ: ಮುಖ್ಯವಾದದ್ದು ಹಚ್ಚುವ ಮದ್ದಲ್ಲ, ಒತ್ತಡ ತಪ್ಪಿಸುವುದು. ದೇಹಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಮೈ ಹೊರಳಿಸುವ ಶಕ್ತಿ, ಮಲಮೂತ್ರದ ಹಿಡಿತ ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸುವ ಕ್ರಮವನ್ನು ನಾರ್ಟನ್ ರೂಪಿಸಿದರು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದು ಇಂದಿಗೂ ಪರಿಚಿತ.

ತೊಂಬತ್ತರಲ್ಲೂ ಬಲ ಬರುತ್ತದೆ

"ಇನ್ನು ಈ ವಯಸ್ಸಿನಲ್ಲಿ ವ್ಯಾಯಾಮ ಏನು ಬಂತು?" ಎನ್ನುವವರಿಗೆ 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಅಧ್ಯಯನವೇ ಉತ್ತರ. ಅಲ್ಲಿನ ಶುಶ್ರೂಷಾಲಯವೊಂದರಲ್ಲಿದ್ದ ಹತ್ತು ಹಿರಿಯರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು ತೊಂಬತ್ತು! ಎಂಟು ವಾರಗಳ ಕಾಲ ಅವರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಒಬ್ಬರು ನಡುವೆ ಬಿಟ್ಟರು. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮಿಗಿಲು. ತೊಂಬತ್ತರಲ್ಲೂ ಮಾಂಸಖಂಡ ಮಾತು ಕೇಳುತ್ತದೆ ಎಂದಾಯಿತು. ವ್ಯಾಯಾಮ ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಗಳಿಸಿದ್ದರಲ್ಲಿ ದೊಡ್ಡ ಪಾಲು ಕರಗಿತು ಎಂಬುದೂ ಅಷ್ಟೇ ಮುಖ್ಯವಾದ ಪಾಠ.

ಮನೆಯಲ್ಲಿ ಇದಕ್ಕೆ ಯಂತ್ರ ಬೇಕಿಲ್ಲ. ಗಟ್ಟಿಯಾದ, ಅಲುಗಾಡದ ಒಂದು ಕುರ್ಚಿ ಸಾಕು. ಅದನ್ನು ಗೋಡೆಗೆ ತಾಗಿಸಿಡಿ. ಹಿರಿಯರು ಅದರಲ್ಲಿ ಕುಳಿತು, ಎದ್ದು ನಿಂತು, ಮತ್ತೆ ನಿಧಾನವಾಗಿ ಕೂರಲಿ. ಮೊದಲ ವಾರ ಕೈ ಊರಿಕೊಂಡೇ ಏಳಲಿ. ದಿನಕ್ಕೆ ಎರಡು ಹೊತ್ತು, ಒಂದೊಂದು ಹೊತ್ತಿಗೆ ಐದು ಸಲ. ಅಭ್ಯಾಸವಾದಂತೆ ಹೆಚ್ಚಿಸಿ. ಊಟಕ್ಕೆ ಮೊದಲು ಐದು ಸಲ ಎಂದು ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುಳಿತಲ್ಲೇ ಮಂಡಿ ನೀಡಿ ಮಡಚುವುದು ಇವೂ ಒಳ್ಳೆಯವೇ. ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ.

ಕೈ ಊರದೆ ಐದು ಸಲ ಎದ್ದು ಕೂರಲು 14 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ಏಳಲೇ ಆಗದಿದ್ದರೆ, ಓಡಾಟದ ಶಕ್ತಿ ಕುಂದುತ್ತಿದೆ ಎಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಆರೈಕೆಗೆಂದು ಕೊಟ್ಟಿರುವ ಮಾರ್ಗದರ್ಶಿಯಲ್ಲಿರುವ ಪರೀಕ್ಷೆ ಇದು. ಗಡಿಯಾರವಿದ್ದರೆ ಯಾರು ಬೇಕಾದರೂ ಮಾಡಬಹುದು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ಅಷ್ಟೇ.

ಆಸ್ಪತ್ರೆಯಲ್ಲಿ ದಿಕ್ಕು ತಪ್ಪುವ ಮನಸ್ಸು

ಆಸ್ಪತ್ರೆ ಸೇರಿದ ಎರಡನೆಯ ದಿನವೋ ಮೂರನೆಯ ದಿನವೋ ಅಜ್ಜ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ. ಮಗನ ಗುರುತು ಹಿಡಿಯುವುದಿಲ್ಲ. ಸಲೈನ್ ಕಿತ್ತೆಸೆಯುತ್ತಾರೆ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಮಂಪರು. ಮನೆಯವರು "ಅರಳುಮರಳು" ಎಂದುಕೊಳ್ಳುತ್ತಾರೆ. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುವುದು. ಒಂದೆರಡು ದಿನದಲ್ಲಿ ಬಂದದ್ದು ಬೇರೆಯೇ. ಡೆಲಿರಿಯಮ್ ಎಂದು ಕರೆಯುವ ಈ ದಿಗ್ಭ್ರಮೆಯ ಹಿಂದೆ ಸೋಂಕು, ನೀರಿನ ಕೊರತೆ, ಔಷಧದ ಪರಿಣಾಮ, ಮೂತ್ರ ಕಟ್ಟಿರುವುದು, ನಿದ್ರೆಗೇಡು ಹೀಗೆ ಕಾರಣವೊಂದು ಇದ್ದೇ ಇರುತ್ತದೆ. ಕೂಡಲೇ ವೈದ್ಯರಿಗೆ ತಿಳಿಸಬೇಕು.

ಇದನ್ನು ತಡೆಯಬಹುದೇ? 1999ರಲ್ಲಿ ಅಮೆರಿಕದ ವೈದ್ಯೆ ಶರೋನ್ ಇನೌಯೆ ಮತ್ತು ಸಂಗಡಿಗರು ಎಪ್ಪತ್ತು ದಾಟಿದ 852 ರೋಗಿಗಳ ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಇನ್ನಷ್ಟು ಆರೈಕೆ. ಆ ಆರೈಕೆಯಲ್ಲಿ ಹೊಸ ಔಷಧವೇನೂ ಇರಲಿಲ್ಲ. ಕನ್ನಡಕ ಹಾಕಿಸುವುದು, ಕಿವಿಯ ಯಂತ್ರ ಕೊಡುವುದು, ಇಂದು ಯಾವ ವಾರ, ಎಲ್ಲಿದ್ದೀರಿ ಎಂದು ಮಾತಿನಲ್ಲಿ ನೆನಪಿಸುವುದು, ನೀರು ಕುಡಿಸುವುದು, ದಿನಕ್ಕೆ ಕೆಲವು ಸಲ ನಡೆಸುವುದು, ರಾತ್ರಿ ನಿದ್ದೆಗುಳಿಗೆಯ ಬದಲು ಬಿಸಿ ಹಾಲು ಕೊಟ್ಟು ಗದ್ದಲ ತಗ್ಗಿಸುವುದು. ಇಷ್ಟರಿಂದಲೇ ದಿಗ್ಭ್ರಮೆಗೆ ಒಳಗಾದವರ ಪ್ರಮಾಣ ಶೇ. 15ರಿಂದ ಸುಮಾರು ಶೇ. 10ಕ್ಕೆ ಇಳಿಯಿತು.

ಓದುಗರೇ, ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ನಮ್ಮಿಂದ ಆಗದ್ದು ಏನಿದೆ? ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಕನ್ನಡಕ, ಹಲ್ಲಿನ ಸೆಟ್ಟು ಎಲ್ಲವೂ "ಕಳೆದುಹೋದೀತು" ಎಂದು ಮನೆಯಲ್ಲೇ ಉಳಿಯುತ್ತವೆ. ಕಾಣದ, ಕೇಳದ, ಹಲ್ಲಿಲ್ಲದ ಬಾಯಿಯಿಂದ ಮಾತೂ ಆಡಲಾಗದ ಮನುಷ್ಯ ಅಪರಿಚಿತ ಕೋಣೆಯಲ್ಲಿ ದಿಕ್ಕು ತಪ್ಪದೆ ಇನ್ನೇನು ಮಾಡಿಯಾರು? ಬಟ್ಟೆಯ ಚೀಲದಲ್ಲಿ ಮೊದಲು ಇಡಬೇಕಾದದ್ದು ಅವೇ.

ಗಂಜಿಯೊಂದೇ ಸಾಲದು

ವಯಸ್ಸಾದವರಿಗೆ ಹಗುರವಾದ ಊಟ ಎಂದು ನಾವು ಗಂಜಿ, ಮೆತ್ತನೆಯ ಅನ್ನ-ತಿಳಿಸಾರು, ಚಹಾ-ಬಿಸ್ಕತ್ತಿಗೆ ಇಳಿಸಿಬಿಡುತ್ತೇವೆ. ಹೊಟ್ಟೆ ತುಂಬುತ್ತದೆ, ಮಾಂಸಖಂಡಕ್ಕೆ ಏನೂ ಸಿಗುವುದಿಲ್ಲ. ಹಿರಿಯರಿಗೆ ಪ್ರೋಟೀನು ಹರೆಯದವರಿಗಿಂತ ಕಡಿಮೆಯಲ್ಲ, ತುಸು ಹೆಚ್ಚೇ ಬೇಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂಬುದು ತಜ್ಞರ ಸಲಹೆ. ಐವತ್ತು ಕಿಲೋ ತೂಗುವ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ. ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ, ಒಂದು ಮೊಟ್ಟೆಯಲ್ಲೂ ಅಷ್ಟೇ. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಹೆಸರುಬೇಳೆ ಪಾಯಸ, ಮೊಸರು, ಬೇಯಿಸಿ ಕಿವುಚಿದ ಕಾಳು, ತಿನ್ನುವವರಾದರೆ ಮೀನು, ಮೊಟ್ಟೆ ಹೀಗೆ ಮೂರು ಹೊತ್ತಿಗೂ ಹಂಚಿ ಕೊಡಬೇಕು. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮುದ್ದೆ ನುಂಗಲು ಆಗದವರಿಗೆ ಹಾಲು ಬೆರೆಸಿದ ರಾಗಿ ಅಂಬಲಿ ಇದೆ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ. "ಬಾಯಾರಿದರೆ ಕೇಳುತ್ತಾರೆ ಬಿಡಿ" ಎಂದು ಕೂರುವಂತಿಲ್ಲ. ಎಷ್ಟೋ ಹಿರಿಯರು, ಅದರಲ್ಲೂ ಹೆಂಗಸರು, ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಲ್ಲ, ಇನ್ನೊಬ್ಬರಿಗೆ ತೊಂದರೆಯಲ್ಲ ಎಂದು ಬೇಕೆಂದೇ ನೀರು ಬಿಡುತ್ತಾರೆ. ಹಗಲು ಹೊತ್ತಿನಲ್ಲಿ ಗಂಟೆಗೊಮ್ಮೆ ಅರ್ಧ ಲೋಟ ನೀರೋ ಮಜ್ಜಿಗೆಯೋ ಕೊಟ್ಟು, ಸಂಜೆಯ ಮೇಲೆ ಕಡಿಮೆ ಮಾಡಿದರೆ ರಾತ್ರಿಯ ಕಾಟವೂ ತಪ್ಪುತ್ತದೆ. ಹೃದಯ ದುರ್ಬಲವಾಗಿರುವವರಿಗೆ ನೀರಿನ ಮಿತಿ ಹೇಳಿದ್ದರೆ ಅದನ್ನು ಪಾಲಿಸಬೇಕು.

ಇನ್ನು ಗುಳಿಗೆಗಳ ಮಾತು. ಬಿ.ಪಿ.ಗೆ ಒಬ್ಬ ವೈದ್ಯರು, ಮಂಡಿಗೆ ಇನ್ನೊಬ್ಬರು, ನಿದ್ದೆಗೆ ಮತ್ತೊಬ್ಬರು ಬರೆದದ್ದೆಲ್ಲ ಒಂದೇ ಡಬ್ಬಿಯಲ್ಲಿ ಸೇರಿರುತ್ತದೆ. ಆರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಒಬ್ಬ ವೈದ್ಯರ ಮುಂದಿಡಿ. ಯಾವುದು ಇನ್ನೂ ಬೇಕು, ಯಾವುದು ಬೇಡ ಎಂದು ಕೇಳಿ. ನಿದ್ದೆಗುಳಿಗೆಗಳು ಹಿರಿಯರು ಬೀಳುವುದಕ್ಕೆ ದೊಡ್ಡ ಕಾರಣ. ಬಿ.ಪಿ.ಯನ್ನು ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ತಲೆ ತಿರುಗುವುದರ ಗುಟ್ಟು ಅಲ್ಲಿದೆ. ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಬಚ್ಚಲಿನ ದಾರಿ

ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ? ಹತ್ತೋ ಹನ್ನೆರಡೋ. ಒಬ್ಬ ಹಿರಿಯರ ಸ್ವಾತಂತ್ರ್ಯ, ಮಾನ ಎರಡೂ ಆ ಹನ್ನೆರಡು ಹೆಜ್ಜೆಯಲ್ಲಿ ಅಡಗಿವೆ. ಅಷ್ಟು ನಡೆಯಬಲ್ಲವರಿಗೆ ಬೆಡ್‌ಪ್ಯಾನ್ ಬೇಡ, ಡಯಾಪರು ಬೇಡ, ಮಗನೆದುರು ಸೊಸೆಯೆದುರು ತಲೆ ತಗ್ಗಿಸುವುದು ಬೇಡ.

ಆದ್ದರಿಂದ ಆ ದಾರಿಯನ್ನು ಸುಗಮ ಮಾಡುವುದೇ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ. ದಾರಿಯಲ್ಲಿರುವ ಕಾಲೊರಸು, ಚಾಪೆ, ಟೀವಿಯ ವೈರು, ಮೊಮ್ಮಗುವಿನ ಆಟಿಕೆ ತೆಗೆಯಿರಿ. ರಾತ್ರಿ ಒಂದು ಚಿಕ್ಕ ದೀಪ ಉರಿಯಲಿ. ಹೊಸ್ತಿಲಿಗೆ ಬೇರೆ ಬಣ್ಣ ಬಳಿದರೆ ಮಸುಕು ಕಣ್ಣಿಗೂ ಕಾಣುತ್ತದೆ. ಬಚ್ಚಲ ಗೋಡೆಗೆ ಗಟ್ಟಿಯಾದ ಕೈಹಿಡಿ ಕೂರಿಸಿ. ಟವೆಲು ಹಾಕುವ ಸರಳು ಮೈಭಾರ ತಡೆಯದು. ಕುಕ್ಕುರುಗಾಲಿನಲ್ಲಿ ಕೂರುವ ಪಾಯಿಖಾನೆಯಾದರೆ ಅದರ ಮೇಲಿಡುವ ಕಮೋಡ್ ಕುರ್ಚಿ ಸಿಗುತ್ತದೆ. ನೆಲ ಒದ್ದೆಯಿರದಂತೆ ನೋಡಿಕೊಳ್ಳಿ. ನೆಲಕ್ಕೆ ತಾಗುವ ಸೀರೆ, ಪಂಚೆಯ ಅಂಚು, ಸವೆದ ಹವಾಯಿ ಚಪ್ಪಲಿ ಇವು ಬೀಳಿಸುವುದರಲ್ಲಿ ನಿಸ್ಸೀಮ.

ಮೂತ್ರದ ಹಿಡಿತ ತಪ್ಪುತ್ತಿದೆ ಎಂದೊಡನೆ ಡಯಾಪರು ಕಟ್ಟುವುದು ಸುಲಭದ ದಾರಿ. ಆದರೆ ಅನೇಕರಲ್ಲಿ ಹಿಡಿತ ತಪ್ಪುವುದು ಬಚ್ಚಲು ದೂರವಾದದ್ದರಿಂದ, ಏಳಲು ತಡವಾದದ್ದರಿಂದ, ಮೂತ್ರದ ಸೋಂಕಿನಿಂದ, ಮಲ ಕಟ್ಟಿದ್ದರಿಂದ. ಕಾರಣ ಹುಡುಕಿ. ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ಕೇಳುವ ಮೊದಲೇ, "ಬನ್ನಿ ಅಜ್ಜಿ, ಒಂದು ಸಲ ಹೋಗಿ ಬರೋಣ" ಎಂದು ಕರೆದೊಯ್ಯುವ ರೂಢಿ ಮಾಡಿದರೆ ಎಷ್ಟೋ ಮಂದಿಗೆ ಡಯಾಪರಿನ ಅಗತ್ಯವೇ ಬೀಳದು. ನಡಿಗೆಯೂ ಆಯಿತು.

ಕೇಳಿ ಮಾಡಿ

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಶುಶ್ರೂಷಾಲಯವೊಂದರ ಎರಡು ಮಹಡಿಗಳಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಂದು ಮಹಡಿಯ ಹಿರಿಯರಿಗೆ ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವ ದಿನ ನೋಡಬೇಕು ಎಂಬುದು ನಿಮ್ಮದೇ ತೀರ್ಮಾನ ಎಂದು ಹೇಳಿ, ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರೆರೆಯುವುದು ದಾದಿಯರ ಕೆಲಸ, ನಿಮ್ಮ ಯೋಗಕ್ಷೇಮ ನಮಗೆ ಬಿಡಿ ಎಂದರು. ಮೂರು ವಾರಗಳ ನಂತರ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಲವಲವಿಕೆಯಿಂದ ಇದ್ದರು. ಅದೊಂದು ಚಿಕ್ಕ ಪ್ರಯೋಗ. ಆದರೂ ಅದರ ಮಾತು ನಮ್ಮ ಅನುಭವಕ್ಕೆ ದೂರವಲ್ಲ.

ಇಂದು ಯಾವ ಸೀರೆ ಉಡುತ್ತೀರಿ, ಸಾರಿಗೆ ಉಪ್ಪು ಸಾಕೇ ನೋಡಿ, ದೀಪ ನೀವೇ ಹಚ್ಚುತ್ತೀರಾ, ಬಟಾಣಿ ಬಿಡಿಸಿಕೊಡುತ್ತೀರಾ ಎಂದು ಕೇಳುವುದಕ್ಕೆ ಖರ್ಚಿಲ್ಲ. ಮನೆಯಲ್ಲಿ ತನ್ನಿಂದಲೂ ಒಂದು ಕೆಲಸವಿದೆ ಎನ್ನುವವರು ಬೆಳಿಗ್ಗೆ ಏಳಲು ಕಾರಣವಿರುತ್ತದೆ. ಎಂಬತ್ತು ವರ್ಷ ಬಾಳಿದವರನ್ನು ಮಗುವಿನಂತೆ ಗದರುವುದು, ಅವರೆದುರೇ ಅವರ ಮಲಮೂತ್ರದ ಲೆಕ್ಕವನ್ನು ಬಂದವರಿಗೆಲ್ಲ ಹೇಳುವುದು ಇವು ಶುಶ್ರೂಷೆಯಲ್ಲ.

ಏಳಲಾರದವರಿಗೆ

ಎಷ್ಟು ಮಾಡಿದರೂ ಏಳಲಾಗದವರು ಇರುತ್ತಾರೆ. ಅವರಿಗೂ ಈ ಮಾತು ಸಲ್ಲುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಎಳೆದರೆ ಚರ್ಮ ಉಜ್ಜುತ್ತದೆ, ಕೆಳಗೆ ಹಾಸಿದ ಬಟ್ಟೆಯಿಂದ ಎತ್ತಿ ಸರಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು. ಚರ್ಮ ಕೆಂಪಾದರೆ ಹುಣ್ಣಿನ ಮೊದಲ ಸೂಚನೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮವರ ಕಂದು, ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣದೇ ಹೋಗಬಹುದು. ಅಂಗೈಯಿಂದ ಮುಟ್ಟಿ ನೋಡಿ. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ಬಣ್ಣ ಇನ್ನಷ್ಟು ಕಪ್ಪಾಗಿದೆಯೇ? ಹಾಗಿದ್ದರೆ ಆ ಜಾಗಕ್ಕೆ ಇನ್ನು ಒತ್ತಡ ಬೀಳಬಾರದು. ಅಲ್ಲಿ ಜೋರಾಗಿ ತಿಕ್ಕಲೂ ಬಾರದು.

ಮಲಗಿದ್ದವರೂ ಮುಖ ತಾವೇ ಒರೆಸಿಕೊಳ್ಳಬಹುದು, ಲೋಟ ತಾವೇ ಹಿಡಿಯಬಹುದು, ಕಿಟಕಿ ಯಾವುದು ತೆರೆಯಬೇಕು ಎಂದು ಹೇಳಬಹುದು. ಉಣ್ಣುವಾಗ ಬೆನ್ನು ನೆಟ್ಟಗೆ ಮಾಡಿ ಕೂರಿಸಲೇಬೇಕು. ಮಲಗಿ ನುಂಗಿದ ತುತ್ತು ಶ್ವಾಸನಾಳಕ್ಕೆ ಇಳಿದೀತು.

ನೋಡಿಕೊಳ್ಳುವವರನ್ನು ನೋಡುವವರು ಯಾರು?

ಇಲ್ಲೊಂದು ಮುಜುಗರದ ಸತ್ಯ ಹೇಳಬೇಕು. ಎಬ್ಬಿಸುವ ಆರೈಕೆಗೆ ಮಲಗಿಸುವ ಆರೈಕೆಗಿಂತ ಹೆಚ್ಚು ಹೊತ್ತು ಬೇಕು. ತುತ್ತು ಮಾಡಿ ತಿನ್ನಿಸಿದರೆ ಹತ್ತು ನಿಮಿಷ. ಅವರೇ ಉಣ್ಣಲಿ ಎಂದರೆ ಮುಕ್ಕಾಲು ಗಂಟೆ. ಡಯಾಪರು ಬದಲಿಸುವುದು ಐದು ನಿಮಿಷ. ಕೈಹಿಡಿದು ಬಚ್ಚಲಿಗೆ ಕರೆದೊಯ್ದು ತರುವುದು ಇಪ್ಪತ್ತು. ಈ ಹೊತ್ತನ್ನು ಕೊಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ, ಮಗಳು ಅಥವಾ ತಾನೇ ಎಪ್ಪತ್ತು ದಾಟಿದ ಹೆಂಡತಿ. ಅನುಕೂಲವಿದ್ದರೆ ಹೋಮ್ ನರ್ಸ್.

ಹೋಮ್ ನರ್ಸ್ ಎಂದು ಕರೆದರೂ ಬರುವವರೆಲ್ಲ ನರ್ಸುಗಳಲ್ಲ. ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು ಬೇರೆ. ಕೆಲವೇ ವಾರ ಕೆಲಸ ಕಲಿತು ಬಂದ ಸಹಾಯಕಿಯರು ಬೇರೆ. ಇಂಜೆಕ್ಷನ್, ಕ್ಯಾಥೆಟರ್, ಮೂಗಿನ ನಳಿಗೆಯ ಕೆಲಸ ತರಬೇತಿ ಪಡೆದವರದ್ದು. ಏಜೆನ್ಸಿಯವರನ್ನು ಇದನ್ನು ಕೇಳಲು ಸಂಕೋಚ ಬೇಡ. ಹಾಗೆಯೇ "ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೂರಿಸಲು ಬರುತ್ತದೆಯೇ, ವಾಕರ್ ಹಿಡಿಸಿ ನಡೆಸಲು ಬರುತ್ತದೆಯೇ?" ಎಂದೂ ಕೇಳಿ. ಬಾರದಿದ್ದರೆ ಫಿಸಿಯೋಥೆರಪಿಸ್ಟರನ್ನು ಎರಡು ದಿನ ಕರೆಸಿ ಕಲಿಸಿಕೊಡಿ.

ಹಗಲೂ ರಾತ್ರಿ ಅದೇ ಕೋಣೆಯಲ್ಲಿದ್ದು, ಮಂಚದ ಕೆಳಗೆ ಚಾಪೆ ಹಾಸಿ ಮಲಗಿ, ನಡುರಾತ್ರಿ ಮೂರು ಸಲ ಏಳುವ ಹೆಣ್ಣುಮಗಳಿಗೆ ಹಗಲಿನಲ್ಲಿ ಮಲಗಲು ನಾಲ್ಕು ಗಂಟೆ ಬಿಡುವು, ವಾರಕ್ಕೊಂದು ರಜೆ ಕೊಡದೆ ತಾಳ್ಮೆಯ ಆರೈಕೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ದಣಿದವರು ಯಾರನ್ನೂ ಎಬ್ಬಿಸುವುದಿಲ್ಲ, ಮಲಗಿಸುತ್ತಾರೆ. ಸೊಸೆಯ ಮಾತೂ ಅಷ್ಟೇ. ಗಂಡುಮಕ್ಕಳು ದಿನಕ್ಕೆ ಒಂದು ಹೊತ್ತಾದರೂ ತಂದೆಯನ್ನೋ ತಾಯಿಯನ್ನೋ ನಡೆಸುವ ಹೊಣೆ ಹೊರಲಿ.

ಸರ್ಕಾರದ ನೆರವೂ ಇದೆ. ಹಿರಿಯರ ಆರೋಗ್ಯಕ್ಕೆಂದೇ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ವಾರ್ಡು, ಫಿಸಿಯೋಥೆರಪಿಗೆ ಅವಕಾಶ ಕಲ್ಪಿಸಲಾಗಿದೆ. ನಿಮ್ಮ ಜಿಲ್ಲೆಯಲ್ಲಿ ಅದು ಹೇಗೆ ನಡೆಯುತ್ತಿದೆ ಎಂದು ಹೋಗಿ ಕೇಳಿ. ಕೇಳುವವರಿದ್ದರೆ ಸೌಲಭ್ಯ ಉಳಿಯುತ್ತದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದ ಎಲ್ಲರನ್ನೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಯೋಜನೆಗೆ ಸೇರಿಸಲಾಗಿದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.

ಆದರೆ ಯಾವ ಯೋಜನೆಯೂ ನಿಮ್ಮ ಮನೆಯ ಮಂಚದಿಂದ ಬಚ್ಚಲಿನವರೆಗೆ ಬಂದು ಕೈಹಿಡಿಯಲಾರದು. ಆರೈಕೆ ಚೆನ್ನಾಗಿದೆಯೇ ಎಂದು ತಿಳಿಯಲು ಹಾಸಿಗೆ ಎಷ್ಟು ಬೆಳ್ಳಗಿದೆ ಎಂದಷ್ಟೇ ನೋಡಬೇಡಿ. ಕಳೆದ ತಿಂಗಳು ಅಮ್ಮ ತಾವೇ ಮಾಡಿಕೊಳ್ಳುತ್ತಿದ್ದ ಕೆಲಸಗಳು ಯಾವುವು, ಈ ತಿಂಗಳು ಯಾವುವು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಪಟ್ಟಿ ಚಿಕ್ಕದಾಗುತ್ತಿದ್ದರೆ ವೈದ್ಯರನ್ನೂ ಕೇಳಿ, ನಿಮ್ಮನ್ನೂ ಕೇಳಿಕೊಳ್ಳಿ. ಒಂದೇ ಒಂದು ಸಾಲು ಹೆಚ್ಚಿದ್ದರೂ ಅದು ಸಣ್ಣ ಗೆಲುವಲ್ಲ. ಎಂಬತ್ತರ ವಯಸ್ಸಿನಲ್ಲಿ ತನ್ನ ಲೋಟಕ್ಕೆ ತಾನೇ ನೀರು ಬಗ್ಗಿಸಿಕೊಂಡು ಕುಡಿಯುವುದು ದೊಡ್ಡ ಕೆಲಸವೇ. ಅದನ್ನು ಅವರಿಂದ ಕಿತ್ತುಕೊಳ್ಳದಿರೋಣ.